ಮದ್ದು ಅಳೆದು ಬಿಡುವ ಮಾವ ಅಡಿಕೆ ವರದಿಯನ್ನು ಮಾತ್ರ ಯಾಕೆ ನಂಬುವುದಿಲ್ಲ?

ಬಿಜೈಯವ

ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನನ್ನ ಸೋದರಮಾವನಿಗೆ ಕಾರ್ಕಳದ ಹತ್ತಿರ ಅಡಿಕೆ ತೋಟ. ವಯಸ್ಸು 64. ಆ ಕಾಲಕ್ಕೇ ಬಿಎಸ್ಸಿ ಮಾಡಿದವರು. ಕೊಳೆರೋಗಕ್ಕೆ ಮದ್ದು ಬಿಡುವುದನ್ನು ನಾನು ಕಲಿತದ್ದೇ ಅವರಿಂದ. 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರಿಗೆ ಕರಗಿಸಬೇಕು, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಅದನ್ನು ಉಲ್ಟಾ ಮಾಡಿದರೆ ಬೈಗುಳ ಗ್ಯಾರಂಟಿ. ಆಮೇಲೆ ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಕಾಯುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿ ಉಂಟು ಅಂತ ಅರ್ಥ, ಇನ್ನಷ್ಟು ಸುಣ್ಣ ಬೇಕು. ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ಇವತ್ತಿಗೂ ಒಂದು ಡ್ರಮ್ಮನ್ನೂ ಕತ್ತಿ ಅದ್ದದೆ ಬಿಟ್ಟವರಲ್ಲ. ಅಂದಾಜಿನ ಮೇಲೆ ಕೆಲಸ ಮಾಡುವ ಮನುಷ್ಯ ಅಲ್ಲವೇ ಅಲ್ಲ.

ಈಗ ವಿಷಯ. ಮಾವ ಇಪ್ಪತ್ತನೇ ವಯಸ್ಸಿನಿಂದ ಎಲೆ ಅಡಿಕೆ ತಿನ್ನುತ್ತಾರೆ. ಹೊಗೆಸೊಪ್ಪು ಮುಟ್ಟುವುದಿಲ್ಲ. ಎರಡು ವರ್ಷದಿಂದ ಖಾರ ತಿಂದರೆ ಬಾಯಿ ಉರಿ. ಈಗೀಗ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಇಡ್ಲಿಯನ್ನು ಸಣ್ಣ ಸಣ್ಣ ತುಂಡು ಮಾಡಿ ತಿನ್ನುವುದನ್ನು ನಾನೇ ನೋಡಿದೆ. ಮಂಗಳೂರಿನ ಒಬ್ಬರು ದಂತವೈದ್ಯರು ನೋಡಿ, ಕೆನ್ನೆಯ ಒಳಗಿನ ಚರ್ಮ ಗಟ್ಟಿಯಾಗುತ್ತಿದೆ, ಇದು ಅಡಿಕೆಯಿಂದ ಬರುವ ಕಾಯಿಲೆ, ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಉಂಟು, ಅಡಿಕೆ ಬಿಡಲೇಬೇಕು ಅಂದರು. ಮಾವ ಎದ್ದು ಬಂದರು. ಮತ್ತೆ ಹೋಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆಯಲ್ಲ, ಆ ಸುದ್ದಿಯನ್ನು ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಹಾಕಿದೆ. 'ಇದು ವಿದೇಶಿ ಲಾಬಿ, ನನ್ನಜ್ಜ ತಿಂದು 90 ಬದುಕಿದ್ದರು' ಅಂತ ಬರೆದು ಮಾವ ಗ್ರೂಪ್ ಬಿಟ್ಟರು. ಅವತ್ತಿನಿಂದ ನನ್ನ ಹತ್ತಿರ ಮಾತೂ ಕಡಿಮೆ.

ನನಗೆ ನಿಜಕ್ಕೂ ಅರ್ಥ ಆಗುತ್ತಿಲ್ಲ. ಕತ್ತಿ ಅದ್ದಿ ತಾಮ್ರ ಪರೀಕ್ಷೆ ಮಾಡುವ ಮನುಷ್ಯ ಡಾಕ್ಟರ್ ಮಾತನ್ನು ಯಾಕೆ ನಂಬುವುದಿಲ್ಲ? ಓದಿದವರಿಗೂ ಹೀಗಾಗುವುದು ಹೇಗೆ? ಸಿಟ್ಟಿನಿಂದ ಕೇಳುತ್ತಿಲ್ಲ. ಹೆದರಿಕೆಯಿಂದ ಕೇಳುತ್ತಿದ್ದೇನೆ.

ಅಂಬಲಪಾಡಿ ಮೇಡಂ

ಉಡುಪಿಯ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಇರಲು ಆಗಲಿಲ್ಲ, ಯಾಕೆಂದರೆ ಉತ್ತರದ ಮುಕ್ಕಾಲು ಭಾಗ ನೀವೇ ಬರೆದಿದ್ದೀರಿ. ಮಾವ ವಿಜ್ಞಾನವನ್ನು ನಂಬದವರಲ್ಲ. ಕತ್ತಿ ಅದ್ದುವುದು ವಿಜ್ಞಾನವೇ. ಅವರು ಬೇಡ ಅನ್ನುತ್ತಿರುವುದು ಒಂದೇ ಒಂದು ತೀರ್ಮಾನವನ್ನು, ಒಪ್ಪಿದರೆ ತಮ್ಮ ಕೈಯಿಂದ ಏನೋ ಹೋಗುತ್ತದೆ ಅನ್ನುವಂಥದ್ದನ್ನು. ಕೊಳೆರೋಗದ ವಿಜ್ಞಾನ ಅವರ ಅಡಿಕೆಯನ್ನು ಉಳಿಸುತ್ತದೆ. ಬಾಯಿಯ ವಿಜ್ಞಾನ ಅಡಿಕೆಯ ಮೇಲೆಯೇ ಬೊಟ್ಟು ಮಾಡುತ್ತದೆ. ಅವರ ಜಾಗದಲ್ಲಿ ನಿಂತು ನೋಡಿದರೆ ಎರಡೂ ಒಂದೇ ಥರ ಕಾಣಲು ಸಾಧ್ಯವೇ ಇಲ್ಲ.

ಜೀವಾ ಕುಂಡಾ ಅಂತ ಒಬ್ಬ ಮನೋವಿಜ್ಞಾನಿ 1990ರಲ್ಲಿ ಈ ಬಗ್ಗೆ ತುಂಬಾ ಮುಖ್ಯವಾದ ಒಂದು ಪ್ರಬಂಧ ಬರೆದರು. ನಮಗೆ ಬೇಕಾದ ತೀರ್ಮಾನದ ಕಡೆಗೆ ನಮ್ಮ ಯೋಚನೆ ಜಾರುತ್ತದೆ, ಆದರೆ ಜಾರುವಾಗ ನಾವು ನ್ಯಾಯವಾಗಿಯೇ ಯೋಚಿಸುತ್ತಿದ್ದೇವೆ ಅಂತ ನಮಗೆ ಅನಿಸುತ್ತಿರುತ್ತದೆ. ಇದು ಸುಳ್ಳು ಹೇಳುವುದಲ್ಲ. ಮಾವ ನಿಮಗೆ ಸುಳ್ಳು ಹೇಳುತ್ತಿಲ್ಲ. ಬೇಕಾದ ಮಾತು ಬಂದರೆ 'ಇದನ್ನು ನಂಬಬಹುದಾ' ಅಂತ ಕೇಳಿಕೊಳ್ಳುತ್ತೇವೆ, ಒಂದು ಕಾರಣ ಸಿಕ್ಕಿದರೆ ಸಾಕು. ಬೇಡದ ಮಾತು ಬಂದರೆ 'ಇದನ್ನು ನಂಬಲೇಬೇಕಾ' ಅಂತ ಕೇಳಿಕೊಳ್ಳುತ್ತೇವೆ, ಆಗ ಒಂದು ಸಂದು ಸಿಕ್ಕಿದರೂ ತಪ್ಪಿಸಿಕೊಳ್ಳುತ್ತೇವೆ. 90 ವರ್ಷ ಬದುಕಿದ ಅಜ್ಜ ಅಂಥ ಒಂದು ಸಂದು. ಅದೇ ಮಾವನ ಹತ್ತಿರ ಯಾರಾದರೂ ಬಂದು, ನನ್ನಜ್ಜ ಮದ್ದೇ ಬಿಡುತ್ತಿರಲಿಲ್ಲ, ಆದರೂ ಒಂದು ವರ್ಷ ಕೊಳೆ ಬರಲಿಲ್ಲ, ಹಾಗಾಗಿ ಈ ತುತ್ತು ಸುಣ್ಣದ ಬೋರ್ಡೋ ಮದ್ದು ಬೇಡ ಅಂದರೆ ಅವರು ಒಪ್ಪುತ್ತಾರಾ? ಒಂದು ಮರ ನೋಡಿ ತೋಟದ ಮಾತು ಹೇಳಬೇಡ ಅನ್ನುತ್ತಾರೆ.

ಓದಿದವರಿಗೂ ಹೇಗೆ ಅಂದಿರಲ್ಲ. ಅಮೆರಿಕದ ಡ್ಯಾನ್ ಕಹಾನ್ ಮತ್ತು ಜೊತೆಗಾರರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಒಂದು ಕೋಷ್ಟಕ ಕೊಟ್ಟರು. ಕೆಲವರಿಗೆ ಅದು ಚರ್ಮದ ಕ್ರೀಮಿನ ಲೆಕ್ಕ ಅಂದರು: ಹಚ್ಚಿದವರಲ್ಲಿ ಎಷ್ಟು ಜನರಿಗೆ ವಾಸಿ, ಹಚ್ಚದವರಲ್ಲಿ ಎಷ್ಟು. ಮೇಲಿಂದ ನೋಡಿದರೆ ತಪ್ಪು ಉತ್ತರ ಬರುತ್ತದೆ, ಪ್ರಮಾಣ ಲೆಕ್ಕ ಹಾಕಿದರೆ ಸರಿ ಉತ್ತರ. ಲೆಕ್ಕ ಚೆನ್ನಾಗಿ ಬರುವವರು ಸರಿ ಹೇಳಿದರು. ಇನ್ನು ಕೆಲವರಿಗೆ ಅವೇ ಅಂಕಿಗಳನ್ನು ಕೊಟ್ಟು, ಇದು ಬಂದೂಕು ನಿಷೇಧ ಮತ್ತು ಅಪರಾಧದ ಲೆಕ್ಕ ಅಂದರು. ಅಲ್ಲಿ ಬಂದೂಕು ಅಂದರೆ ಪಕ್ಷದ ಪ್ರಶ್ನೆ. ಈಗ ಲೆಕ್ಕ ಬರುವವರು ಉತ್ತರ ತಮ್ಮ ಪಕ್ಷಕ್ಕೆ ಹೊಂದಿದಾಗ ಸರಿ ಹೇಳಿದರು, ಹೊಂದದಿದ್ದಾಗ ಎಡವಿದರು. ಎರಡು ಕಡೆಯವರ ನಡುವಿನ ಅಂತರ ಲೆಕ್ಕ ಬರುವವರಲ್ಲೇ ಜಾಸ್ತಿ ಇತ್ತು. ನಂತರ ಬೇರೆಯವರು ಮತ್ತೆ ಮಾಡಿ ನೋಡಿದಾಗ ಇದು ಅಷ್ಟು ಜೋರಾಗಿ ಕಂಡಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಓದು ಒಂದೇ ಸಾಕು ಅನ್ನುವ ನಮ್ಮ ನಂಬಿಕೆಗೆ ಅದು ದೊಡ್ಡ ಪೆಟ್ಟು. ಬುದ್ಧಿ ಅನ್ನುವುದು ವಕೀಲನ ಥರವೂ ಕೆಲಸ ಮಾಡುತ್ತದೆ.

ಇನ್ನೊಂದು, ಸ್ವಲ್ಪ ಬೇಜಾರಾಗಬಹುದು. ಫ್ಯಾಮಿಲಿ ಗ್ರೂಪ್‌ನಲ್ಲಿ ಎಷ್ಟು ಜನ ಇದ್ದಾರೆ? ಎಷ್ಟು ಮನೆಗೆ ಅಡಿಕೆಯೇ ಜೀವನ? ಅವರೆಲ್ಲರ ಎದುರು ನೀವು ಆ ಸುದ್ದಿ ಹಾಕಿದಾಗ ಮಾವನಿಗೆ ಕೇಳಿಸಿದ್ದು 'ನಿಮ್ಮ ಬಾಯಿ ಜೋಪಾನ' ಅಂತ ಅಲ್ಲ. 'ನೀವು ಬದುಕಿಡೀ ಬೆಳೆದದ್ದು ವಿಷ' ಅಂತ.

ಮಲ್ಪೆ ಬಂದರು

ನಮ್ಮಲ್ಲೂ ಇದೇ ಕಥೆ. ಚಂಡಮಾರುತದ ಮುನ್ಸೂಚನೆ ಬಂದರೆ ಒಂದು ಬೋಟೂ ಹೊರಡುವುದಿಲ್ಲ. ಮೀನು ಎಲ್ಲಿ ಸಿಗಬಹುದು ಅಂತ ಉಪಗ್ರಹದ ಮಾಹಿತಿ ನೋಡಿ ಬಲೆ ಬಿಡುವವರಿದ್ದಾರೆ. ಅದೇ ವಿಜ್ಞಾನಿಗಳು 'ಮರಿ ಬೂತಾಯಿ, ಮರಿ ಬಂಗುಡೆ ಹಿಡಿಯಬೇಡಿ, ಮುಂದೆ ಮೀನೇ ಇರುವುದಿಲ್ಲ' ಅಂದರೆ ಅವರಿಗೆ ಕಡಲು ಗೊತ್ತಿಲ್ಲ ಅನ್ನುತ್ತೇವೆ. ನಾನೂ ಅಂದಿದ್ದೇನೆ. ಸಾಲದ ಕಂತು ಕಟ್ಟಲಿಕ್ಕಿದ್ದಾಗ ಮರಿಮೀನು ಮರಿ ಹಾಗೆ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ 61 ದಿನ ಬೋಟು ದಡದಲ್ಲಿ ಇರುತ್ತದಲ್ಲ, ಆಗ ಕೂತು ಯೋಚಿಸಿದರೆ ಅವರು ಹೇಳಿದ್ದು ಸರಿ ಅನಿಸುತ್ತದೆ. ಆಗಸ್ಟಿನಲ್ಲಿ ಮತ್ತೆ ಮರೆಯುತ್ತದೆ.

ಸಿಸ್ಟರ್ ಉಡುಪಿ

22 ವರ್ಷದಿಂದ ನರ್ಸ್. ಮೇಡಂ ಹೇಳಿದ್ದು ಸರಿ, ಆದರೆ ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಜನ ತಮ್ಮ ಕಣ್ಣನ್ನು ನಂಬುತ್ತಾರೆ. ಕಣ್ಣಿಗೆ ಕಂಡದ್ದು ಕೆಲವು ಸಲ ದಾರಿ ತಪ್ಪಿಸುತ್ತದೆ.

ಸರ್ಪಸುತ್ತು ತೆಗೆದುಕೊಳ್ಳಿ. ನಮ್ಮ ಕಡೆ ಅದು ಬಂದರೆ ಮೊದಲು ನಾಗನ ನೆನಪು, ಆಸ್ಪತ್ರೆ ನಂತರ. ಸುತ್ತಲೂ ಕಾವಿಮಣ್ಣಿನ ಗೆರೆ ಎಳೆಸಿಕೊಂಡು ಬರುತ್ತಾರೆ. ಹೆಡೆಯೂ ಬಾಲವೂ ಕೂಡಿದರೆ ಸಾವು, ಕೂಡದ ಹಾಗೆ ಗೆರೆ ತಡೆಯಿತು ಅನ್ನುತ್ತಾರೆ. ನಿಜವಾಗಿ ಏನಾಗುತ್ತದೆ ಅಂದರೆ, ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಸ್ (ನೀರುಗುಳ್ಳೆಯದ್ದು, ದೊಡ್ಡ ಸಿಡುಬಿನದ್ದಲ್ಲ) ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗ, ಶಕ್ತಿ ಕುಂದಿದಾಗ ಒಂದು ನರದ ದಾರಿ ಹಿಡಿದು ಹೊರಗೆ ಬರುತ್ತದೆ. ಆ ನರ ಮೈಯ ಒಂದು ಬದಿಗೆ ಮಾತ್ರ ಇರುವುದು. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟುವುದೇ ಇಲ್ಲ. ಗೆರೆ ಎಳೆದರೂ ದಾಟುವುದಿಲ್ಲ, ಎಳೆಯದಿದ್ದರೂ ದಾಟುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತದೆ. ಆದರೆ ಗೆರೆ ಎಳೆಸಿಕೊಂಡವರಿಗೆ ಕಂಡದ್ದೇನು? ಗೆರೆ ಎಳೆದರು, ನಿಂತಿತು, ವಾಸಿಯಾಯಿತು. ಅವರ ಮನೆಯಲ್ಲಿ ನಡೆದದ್ದು, ಅವರ ಕಣ್ಣೆದುರೇ ನಡೆದದ್ದು. ಅದರ ಮುಂದೆ ನನ್ನ ಮಾತು ಎಲ್ಲಿ ನಿಲ್ಲುತ್ತದೆ? ಗುಳ್ಳೆ ಎದ್ದ 72 ಗಂಟೆಯ ಒಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಒಳ್ಳೆಯದು, ನಂತರ ತಿಂಗಳುಗಟ್ಟಲೆ ಕಾಡುವ ನರದ ಉರಿಯನ್ನು ಅದೇ ಗೆರೆಯವರು ನೋಡುವುದೇ ಇಲ್ಲ, ನಾವು ನೋಡುತ್ತೇವೆ. ಈಗ ನಾನು ಮಾಡುವುದು ಇಷ್ಟೇ: ನಾಗನಿಗೆ ತಂಬಿಲ ಕೊಡುವುದಿದ್ದರೆ ಕೊಡಿ, ಮಾತ್ರೆ ಇವತ್ತೇ ಶುರು ಮಾಡಿ. ಎರಡರ ನಡುವೆ ಜಗಳ ಹಚ್ಚುವುದಿಲ್ಲ. ಹಚ್ಚಿದರೆ ಸೋಲುವುದು ಮಾತ್ರೆ.

ಅರಶಿನ ಕಾಮಾಲೆಯಲ್ಲಿ ಇದು ಇನ್ನೂ ಅಪಾಯ. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಿಗೆ ತಾನಾಗಿ ಗುಣ ಆಗುತ್ತದೆ. ಹೆಸರು ಮಾತ್ರ ನಾಟಿಮದ್ದಿಗೆ. ಮುಂದಿನ ಮಳೆಗಾಲದಲ್ಲಿ ಅದೇ ಮನೆಯಲ್ಲಿ ಇನ್ನೊಬ್ಬರಿಗೆ ಕಣ್ಣು ಹಳದಿ ಆಗುತ್ತದೆ, ಈ ಸಲ ಅದು ಇಲಿಜ್ವರ. ಗದ್ದೆಯ ನೀರಿನಲ್ಲಿ, ತೋಟದ ಕೆಸರಿನಲ್ಲಿ ಕೆಲಸ ಮಾಡುವವರಿಗೆ ನಮ್ಮ ಎರಡೂ ಜಿಲ್ಲೆಯಲ್ಲಿ ಬರುವಂಥದ್ದು. ಅದಕ್ಕೆ ಆಂಟಿಬಯಾಟಿಕ್ ಬೇಕು, ಬೇಗ ಬೇಕು. ಹೋದ ಸಲ ವಾಸಿಯಾದ ಅನುಭವವೇ ಈ ಸಲ ಅವರನ್ನು ಆಸ್ಪತ್ರೆಗೆ ಬರದ ಹಾಗೆ ತಡೆಯುತ್ತದೆ. ಕಿಡ್ನಿ ಕೈಕೊಟ್ಟ ಮೇಲೆ ಬಂದ ಒಬ್ಬರು ಇವತ್ತಿಗೂ ನನ್ನ ಕಣ್ಣ ಮುಂದೆ ಇದ್ದಾರೆ. ನಲವತ್ತರ ಒಳಗಿನ ಪ್ರಾಯ. ಹೆಂಡತಿಯ ಕೈಯಲ್ಲಿ ಅರ್ಧ ಖಾಲಿಯಾದ ಕಷಾಯದ ಬಾಟಲಿ. ಆಕೆಯದ್ದು ಮೂರ್ಖತನ ಅಂತ ನನಗೆ ಯಾವತ್ತೂ ಅನಿಸಿಲ್ಲ.

2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ಬಂತು, 9 ತಿಂಗಳಿಂದ 15 ವರ್ಷದವರಿಗೆ. ವಾಟ್ಸಾಪ್‌ನಲ್ಲಿ ಏನೆಲ್ಲ ಬಂತು ನೆನಪಿರಬಹುದು. ಒಂದು ಶಾಲೆಯ ಗೇಟಿನಲ್ಲಿ ಒಬ್ಬ ತಾಯಿ ಮಗಳ ಕೈ ಹಿಡಿದು ನಿಂತಿದ್ದಳು, ಒಳಗೆ ಬಿಡುವುದಿಲ್ಲ. ಮುಂದೆ ಮಕ್ಕಳಾಗುವುದಿಲ್ಲವಂತೆ ಅಂದಳು. ನಮ್ಮ ಜೊತೆಗಿದ್ದ ಒಬ್ಬರು ಅಂಕಿ ಅಂಶ ಶುರು ಮಾಡಿದರು, ಅವಳ ಕೈ ಇನ್ನೂ ಬಿಗಿಯಾಯಿತು. ನಾನು ಕೇಳಿದೆ, ಯಾರು ಕಳಿಸಿದ್ದಮ್ಮ? ನನ್ನ ತಮ್ಮ, ಗಲ್ಫಿನಲ್ಲಿದ್ದಾನೆ ಅಂದಳು. ಅವನಿಗೆ ನಿಮ್ಮ ಮಗಳ ಮೇಲೆ ಎಷ್ಟು ಪ್ರೀತಿ ಅಲ್ವಾ ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಮಗನ ಫೋಟೋ ತೋರಿಸಿದೆ, ಬೆರಳಿಗೆ ಶಾಯಿ ಗುರುತು ಹಾಕಿದ್ದು, ಹಿಂದಿನ ದಿನ ಅವನಿಗೂ ಆಗಿತ್ತು. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ತೊಂದರೆ, ಈ ಚುಚ್ಚುಮದ್ದು ನಿಮ್ಮ ಮೊಮ್ಮಕ್ಕಳಿಗೋಸ್ಕರ ಅಂದೆ. ಅವತ್ತು ಅವಳು ಮಗಳನ್ನು ಒಳಗೆ ಕಳಿಸಲಿಲ್ಲ. ಮೂರು ದಿನ ಬಿಟ್ಟು ಅವಳೇ ಕರೆದುಕೊಂಡು ಬಂದಳು.

ಕೊಕ್ಕಡ ಕಡೆಯವ

ಈಗ ಬೈಕಂಪಾಡಿಯಲ್ಲಿ ಕೆಲಸ. ಊರು ಬೆಳ್ತಂಗಡಿ ತಾಲೂಕು. ನೀವೆಲ್ಲ ಮನಸ್ಸಿನ ಬಗ್ಗೆ ಬರೆದಿರಿ, ಒಪ್ಪುತ್ತೇನೆ. ಆದರೆ ನಂಬದಿರುವುದಕ್ಕೆ ಮನಸ್ಸು ಮಾತ್ರ ಕಾರಣ ಅಂದರೆ ನಮಗೆ ಅನ್ಯಾಯ ಆಗುತ್ತದೆ.

ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಕಾಸರಗೋಡಿನ ಕಡೆ ಎರಡು ದಶಕ ಸುರಿದರು. ಬಾವಿಗೆ ಬಿತ್ತು, ಅಂಗಳಕ್ಕೆ ಬಿತ್ತು. ಹೆಲಿಕಾಪ್ಟರ್ ಬಂತೆಂದು ನೋಡಲು ಮಕ್ಕಳು ಹೊರಗೆ ಓಡಿಬರುತ್ತಿದ್ದರು, ನಾನೂ ಓಡಿದ್ದೇನೆ. ಆಗ ಜನ ಕೇಳಿದಾಗ ಸಿಕ್ಕಿದ ಉತ್ತರ ಏನು? ಏನೂ ಆಗುವುದಿಲ್ಲ, ವೈಜ್ಞಾನಿಕವಾಗಿ ಸುರಕ್ಷಿತ. ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಎದ್ದು ಕೂರಲಾಗದ ಮಕ್ಕಳು ದೊಡ್ಡವರಾಗಿದ್ದರು. ಇವತ್ತಿಗೂ ಅವರ ಅಮ್ಮಂದಿರು ಅವರನ್ನು ಎತ್ತಿ ಸ್ನಾನ ಮಾಡಿಸುತ್ತಾರೆ, ಅವರಿಗೂ ವಯಸ್ಸಾಯಿತು. ನನ್ನ ದೊಡ್ಡಮ್ಮ ಅವರಲ್ಲಿ ಒಬ್ಬರು. ಆ ಅಮ್ಮನ ಹತ್ತಿರ ಹೋಗಿ 'ವಿಜ್ಞಾನಿಗಳು ಹೇಳಿದ್ದಾರೆ, ನಂಬಿ' ಅಂದರೆ ಅವರು ಯಾಕೆ ನಂಬಬೇಕು?

ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ಎಂಡೋಸಲ್ಫಾನ್ ವಿಷಯವನ್ನು ಬೆಳಕಿಗೆ ತಂದದ್ದು ಮಂತ್ರವಾದಿ ಅಲ್ಲ. ಕಾಸರಗೋಡಿನ ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಒಂದೇ ಪ್ರದೇಶದವರಿಗೆ ಯಾಕೆ ಇಷ್ಟು ಕಾಯಿಲೆ ಅಂತ ಗಮನಿಸಿ ಬರೆದರು. ಪತ್ರಕರ್ತ ಶ್ರೀಪಡ್ರೆಯವರು ಪತ್ರಿಕೆಗಳಲ್ಲಿ ಬೆನ್ನು ಹತ್ತಿದರು. ಯಾರಿಗೆ, ಎಲ್ಲಿ, ಎಷ್ಟು ಅಂತ ನೋಡುವುದು, ಅದೇ ವಿಜ್ಞಾನ ಅಲ್ವಾ. ನಮ್ಮ ಜನರಿಗೆ ಆ ವಿಜ್ಞಾನದ ಮೇಲೆ ಗೌರವ ಉಂಟು. ನಂಬಿಕೆ ಹೋದದ್ದು 'ಸುರಕ್ಷಿತ' ಅಂತ ಮೇಲಿನಿಂದ ಸೀಲ್ ಒತ್ತಿದ ಮಾತಿನ ಮೇಲೆ. ಮಾವ ವಿದೇಶಿ ಲಾಬಿ ಅಂದಾಗ ಅದು ತಪ್ಪು ಇರಬಹುದು. ಆದರೆ ಲಾಬಿ ಇರುವುದೇ ಇಲ್ಲ, ದುಡ್ಡಿಗೆ ವಿಜ್ಞಾನದ ಮಾತು ಬಾಗುವುದೇ ಇಲ್ಲ ಅಂತ ಹೇಳಬೇಡಿ. ಅಲ್ಲಿಗೆ ಮಾತು ಮುಗಿಯುತ್ತದೆ.

ಬಿಜೈಯವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ಗ್ರೂಪ್‌ನಲ್ಲಿ 43 ಜನ. ಮೂವತ್ತು ಜನರಿಗೆ ಅಡಿಕೆಯೇ. ಹಾಕುವಾಗ ನನಗೆ ಅದು ಹೊಳೆಯಲೇ ಇಲ್ಲ. ತಪ್ಪಾಯಿತು.

ಈಗ ಏನು ಮಾಡಲಿ? ಸತ್ಯ ಹೇಳಿದರೆ ಜನ ಇನ್ನೂ ಗಟ್ಟಿಯಾಗಿ ಸುಳ್ಳು ಹಿಡಿದುಕೊಳ್ಳುತ್ತಾರೆ ಅಂತ ಎಲ್ಲೋ ಓದಿದ್ದೆ. ಹಾಗಾದರೆ ಸುಮ್ನೆ ಇರುವುದೇ ಒಳ್ಳೆಯದಾ?

ಲ್ಯಾಬ್‌ನವ, ದೇರಳಕಟ್ಟೆ

ಮೇಡಂ ಉತ್ತರಿಸುವ ಮೊದಲು ಒಂದು ಸಣ್ಣ ವಿಷಯ. ಆ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಸೇರಿಸಿದ 'ಗುಂಪು 1' ಅನ್ನುವುದು ತುಂಬಾ ಜನರಿಗೆ ತಪ್ಪು ಅರ್ಥ ಕೊಡುತ್ತದೆ. ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು ಅದು ಹೇಳುತ್ತದೆ. ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಸೂರ್ಯನ ಬಿಸಿಲು, ಮದ್ಯ, ತಂಬಾಕು ಎಲ್ಲ ಅದೇ ಗುಂಪಿನಲ್ಲಿವೆ. 'ಹಾಗಾದರೆ ಬಿಸಿಲಿಗೂ ಹೋಗಬಾರದಾ' ಅಂತ ಬೆಳೆಗಾರರು ಕೇಳುವುದು ನ್ಯಾಯವಾದ ಪ್ರಶ್ನೆ. ಮದುವೆ ಮನೆಯಲ್ಲಿ ಒಂದು ವೀಳ್ಯ ಹಾಕುವುದಕ್ಕೂ ದಿನಕ್ಕೆ ಹತ್ತು ಸಲ 40 ವರ್ಷ ಕೆನ್ನೆಯಲ್ಲಿಟ್ಟು ಅಗಿಯುವುದಕ್ಕೂ ತುಂಬಾ ವ್ಯತ್ಯಾಸ ಉಂಟು. ಆದರೆ ನಿಮ್ಮ ಮಾವನ ಬಾಯಿಯಲ್ಲಿ ಈಗಾಗಲೇ ಬದಲಾವಣೆ ಕಾಣುತ್ತಿದೆ, ಅವರಿಗೆ ವರದಿಯ ಚರ್ಚೆ ಬೇಡ, ಪರೀಕ್ಷೆ ಬೇಕು. ಗಟ್ಟಿಯಾದ ಭಾಗ ಮೊದಲಿನ ಹಾಗೆ ಆಗುವುದು ಕಷ್ಟ, ಆದರೆ ಬಿಟ್ಟರೆ ಮುಂದೆ ಹೋಗುವುದನ್ನು ತಡೆಯಬಹುದು, ಬಾಯಿಯ ವ್ಯಾಯಾಮ, ಔಷಧಿ ಎಲ್ಲ ಉಂಟು. ತಡ ಮಾಡಬೇಡಿ.

ಅಂಬಲಪಾಡಿ ಮೇಡಂ

ಸುಮ್ನೆ ಇರಬೇಡಿ. ನೀವು ಓದಿದ್ದು 2010ರ ಒಂದು ಅಧ್ಯಯನದಿಂದ ಪ್ರಸಿದ್ಧವಾದ ಮಾತು. ಆಮೇಲೆ ಬೇರೆಯವರು ಬಹಳಷ್ಟು ಜನರ ಮೇಲೆ, ಬಹಳಷ್ಟು ವಿಷಯಗಳಲ್ಲಿ ಮಾಡಿ ನೋಡಿದಾಗ ಆ ತಿರುಗುಬಾಣ ಹೆಚ್ಚಾಗಿ ಸಿಗಲೇ ಇಲ್ಲ. ಸರಿಯಾದ ಮಾಹಿತಿ ಕೊಟ್ಟರೆ ಹೆಚ್ಚಿನವರು ಸ್ವಲ್ಪವಾದರೂ ಸರಿಯತ್ತ ಬರುತ್ತಾರೆ. ಯಾರು, ಎಲ್ಲಿ, ಯಾರ ಎದುರು ಹೇಳಿದರು ಅನ್ನುವುದು ಮುಖ್ಯ. ಸಿಸ್ಟರ್ ಮಾಡಿದ್ದು ಅದನ್ನೇ. ಆ ತಾಯಿಯ ಹೆದರಿಕೆಯ ಹಿಂದೆ ಇದ್ದ ಪ್ರೀತಿಯನ್ನು ಮೊದಲು ಮುಟ್ಟಿದರು, ಮಾಹಿತಿ ನಂತರ.

ಕೊಕ್ಕಡದವರ ಮಾತಿಗೆ ನನ್ನ ಹತ್ತಿರ ವಾದ ಇಲ್ಲ. ನಾನು ಪಾಠ ಮಾಡುವಾಗ ಎಂಡೋಸಲ್ಫಾನ್ ಬಗ್ಗೆ ಹೇಳಿಯೇ ಇರಲಿಲ್ಲ, ಇನ್ನು ಹೇಳುತ್ತೇನೆ.

ಲಿಯಾನ್ ಫೆಸ್ಟಿಂಗರ್ ಅನ್ನುವ ಮನೋವಿಜ್ಞಾನಿ 1957ರಲ್ಲಿ ಬರೆದದ್ದು ನಿಮಗೆ ಉಪಯೋಗ ಆಗಬಹುದು. ಮನಸ್ಸಿನಲ್ಲಿ ಎರಡು ಮಾತು ಒಂದಕ್ಕೊಂದು ಹೊಂದದೆ ಇದ್ದರೆ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತದೆ, ಹೇಗಾದರೂ ತೆಗೆಯಬೇಕು. ಸಿಗರೇಟು ಸೇದುವವನ ಉದಾಹರಣೆಯನ್ನು ಅವರೇ ಕೊಡುತ್ತಾರೆ: ಇದು ಕೆಟ್ಟದ್ದು ಅಂತ ಗೊತ್ತು, ಸೇದುತ್ತಲೂ ಇದ್ದೇನೆ. ಬಿಡುವುದು ಕಷ್ಟ, ಗೊತ್ತಿರುವುದನ್ನು ಅಲ್ಲಗಳೆಯುವುದು ಸುಲಭ. ಅವರಿಗೆ ಈ ಯೋಚನೆ ಹೊಳೆಯಲು ಒಂದು ಕಾರಣ ನಮ್ಮ ದೇಶದ್ದೇ. 1934ರ ಜನವರಿಯ ಬಿಹಾರ ಭೂಕಂಪದ ನಂತರ ಹರಡಿದ ವದಂತಿಗಳನ್ನು ಪಾಟ್ನಾದ ಜಮುನಾ ಪ್ರಸಾದ್ ಸಂಗ್ರಹಿಸಿದ್ದರು. ನೆಲ ನಡುಗಿದ್ದು ಗೊತ್ತಾದರೂ ಮನೆಮಠ ಹಾಳಾಗದ ಊರುಗಳಲ್ಲಿ ಇನ್ನೂ ದೊಡ್ಡ ಅನಾಹುತ ಬರುತ್ತದೆ ಅನ್ನುವ ವದಂತಿ ಹಬ್ಬಿತ್ತು. ಏನೂ ಆಗದವರು ಯಾಕೆ ಹೆದರಿಕೆಯ ಸುದ್ದಿ ಹುಟ್ಟಿಸಿದರು? ಹೆದರಿಕೆ ಮೊದಲೇ ಒಳಗೆ ಇತ್ತು, ಅದಕ್ಕೆ ತಕ್ಕ ಕಾರಣ ಬೇಕಿತ್ತು. ಮಾವನಿಗೂ ಹೆದರಿಕೆ ಒಳಗೆ ಇದೆ ಅಂತ ನನಗೆ ಅನಿಸುತ್ತದೆ. ಡಾಕ್ಟರ್ ಹತ್ತಿರದಿಂದ ಎದ್ದು ಬಂದವರಿಗೆ ವಿಷಯ ಅರ್ಥವಾಗಿಲ್ಲ ಅಂತ ತಿಳಿಯಬೇಡಿ. ತುಂಬಾ ಚೆನ್ನಾಗಿ ಅರ್ಥ ಆಗಿದೆ.

ಹಾಗಾಗಿ ಬೆಳೆಯುವುದನ್ನೂ ತಿನ್ನುವುದನ್ನೂ ಬೇರೆ ಮಾಡಿ. ತೋಟದ ಮಾತು ಎತ್ತಲೇಬೇಡಿ. ಗೌರವ ತೋಟಕ್ಕೆ ಇರಲಿ, ಪ್ರಶ್ನೆ ಬಾಯಿಗೆ ಮಾತ್ರ ಇರಲಿ. ನೀವು ಒಬ್ಬರೇ ಹೋಗಿ.

ತೋಟದ ಮನೆ, ಮೂಡುಬಿದಿರೆ

ನಾನೂ ಬೆಳೆಗಾರ. ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ. ಅಡಿಕೆ ಕೆಟ್ಟದ್ದು ಅಂತ ಸುದ್ದಿ ಬಂದ ದಿನ ನಮಗೆ ಮೊದಲು ನೆನಪಾಗುವುದು ಧಾರಣೆ. ಆಮೇಲೆ ಸೊಸೈಟಿಯ ಸಾಲ, ಆಮೇಲೆ ಮಗಳ ಫೀಸು. ಗಿಡ ನೆಟ್ಟು ಫಸಲಿಗೆ ಐದಾರು ವರ್ಷ ಕಾಯಬೇಕು. ನಾಳೆ ಬೇರೆ ಬೆಳೆ ಹಾಕು ಅಂದರೆ ಎಲ್ಲಿಂದ ಹಾಕುವುದು? ಯಾರಾದರೂ ಕೂತು ಅದರ ದಾರಿ ಹೇಳಿದರೆ ವರದಿ ಓದಲು ನಮಗೂ ಧೈರ್ಯ ಬರುತ್ತದೆ.

ಇನ್ನೊಂದು, ನಾನು ತಿನ್ನುವುದು ಬಿಟ್ಟು ನಾಲ್ಕು ವರ್ಷ ಆಯಿತು. ಬೆಳೆಯುತ್ತೇನೆ, ತಿನ್ನುವುದಿಲ್ಲ. ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ. ಮಾವ ಮಾತನಾಡಬೇಕು ಅಂದರೆ ನನಗೆ ಮೆಸೇಜ್ ಮಾಡಿ, ನಾನೇ ಅವರ ತೋಟಕ್ಕೆ ಬರುತ್ತೇನೆ.

ಬಿಜೈಯವ

ಎರಡು ವಾರದ ನಂತರ ಬರೆಯುತ್ತಿದ್ದೇನೆ.

ಹೋದ ಆದಿತ್ಯವಾರ ಮಳೆ ಸ್ವಲ್ಪ ಬಿಟ್ಟಿತ್ತು. ಎರಡನೇ ಮದ್ದು ಬಿಡುತ್ತಾರೆ ಅಂತ ಅತ್ತೆ ಫೋನಿನಲ್ಲಿ ಹೇಳಿದ್ದರು, ಹೇಳದೆ ಹೋದೆ. ಮಾವ ಏನೂ ಮಾತಾಡದೆ ಸುಣ್ಣದ ಬಕೆಟು ನನ್ನ ಕಡೆ ನೂಕಿದರು. ಒಂದು ಗಂಟೆ ಇಬ್ಬರೂ ಕಲಸಿದೆವು. ಕತ್ತಿ ಅದ್ದಿದಾಗ ಮೊದಲ ಸಲ ಸ್ವಲ್ಪ ಕೆಂಪು ಬಂತು, ಅವರು ಇನ್ನೆರಡು ಚೊಂಬು ಸುಣ್ಣದ ನೀರು ಹಾಕಿಸಿದರು, ಮತ್ತೆ ಅದ್ದಿದರು, ಕತ್ತಿ ಶುದ್ಧ ಇತ್ತು. ಆಗ ಕೇಳಿದೆ, ಮಾವ, ಕೆಂಪು ಬರದಿದ್ದರೆ ಒಳ್ಳೆಯದೇ, ಬಂದರೂ ಗೊತ್ತಾಗುವುದು ಒಳ್ಳೆಯದಲ್ವಾ?

ಅವರು ಸುಮಾರು ಹೊತ್ತು ನನ್ನ ಮುಖ ನೋಡಿದರು. ಗ್ರೂಪ್‌ನಲ್ಲಿ ಹಾಕಿದ್ದು ತಪ್ಪಾಯಿತು, ಕ್ಷಮಿಸಿ ಅಂದೆ. ಅದಕ್ಕೆ ಏನೂ ಹೇಳಲಿಲ್ಲ. ಸಂಜೆ ಕಾಫಿ ಕುಡಿಯುವಾಗ ಅವರೇ ಮೂರು ಬೆರಳು ಜೋಡಿಸಿ ಬಾಯಿಗೆ ಇಟ್ಟು ನೋಡಿದರು. ದಂತವೈದ್ಯರು ಅವತ್ತು ಹಾಗೆಯೇ ಅಳೆದಿದ್ದರಂತೆ, ಸರಿ ಇರುವ ಬಾಯಿಗೆ ಮೂರು ಬೆರಳು ಹಿಡಿಸಬೇಕು. ಎರಡು ಹೋಯಿತು. ಮೂರನೆಯದು ಹೋಗಲಿಲ್ಲ. ಅವತ್ತು ಅರ್ಧ ಹೋಗುತ್ತಿತ್ತು ಅಂದರು.

ವರದಿ ಲಾಬಿಯದ್ದೇ ಅಂತ ಈಗಲೂ ಹೇಳುತ್ತಾರೆ. ನಾನು ಮಾತು ಬೆಳೆಸಲಿಲ್ಲ. ಎಲೆ ಅಡಿಕೆಯ ಹರಿವಾಣ ಜಗಲಿಯಲ್ಲೇ ಉಂಟು, ನಾನು ಹೊರಡುವ ಮೊದಲು ಒಂದು ಸಲ ಹಾಕಿಕೊಂಡರು ಕೂಡ. ಮೂಡುಬಿದಿರೆಯವರ ನಂಬರ್ ಕೊಟ್ಟೆ, ಚೀಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಮಂಗಳೂರಿಗೆ ಬರುತ್ತೇನೆ ಅಂದಿದ್ದಾರೆ, ಅದೇ ಡಾಕ್ಟರ ಹತ್ತಿರ. ನಾನು ರಜೆ ಹಾಕಿದ್ದೇನೆ.